ಮುಖದ ಸುಕ್ಕಿಗೆ ಚುಚ್ಚುಮದ್ದು: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಮನೆಯಲ್ಲಿ ಮಗಳ ಲಗ್ನ ನಿಶ್ಚಯವಾದೊಡನೆ ಸೀರೆ, ಒಡವೆ, ಛತ್ರಗಳ ಮಾತಿನೊಂದಿಗೆ ಇತ್ತೀಚೆಗೆ ಇನ್ನೊಂದು ಮಾತೂ ಸೇರಿಕೊಳ್ಳುತ್ತಿದೆ. "ಫೋಟೋದಲ್ಲಿ ನನ್ನ ಮುಖ ತೀರ ಮುದಿಯಾಗಿ ಕಾಣುತ್ತದೆ, ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಹೇಗೆ?" ಎಂದು ಐವತ್ತು ದಾಟಿದ ತಾಯಿ ಸಂಕೋಚದಿಂದಲೇ ಕೇಳುವುದುಂಟು. ಕೇಳುವುದು ತಪ್ಪಲ್ಲ, ನಗುವ ವಿಷಯವೂ ಅಲ್ಲ. ಆದರೆ ತಿಳಿಯದೆ ಚುಚ್ಚಿಸಿಕೊಳ್ಳುವುದು ಅಪಾಯ.

ಮುಖಕ್ಕೆ ಮುಪ್ಪು ಬರಲು ವಯಸ್ಸೊಂದೇ ಕಾರಣವಲ್ಲ. ವಯಸ್ಸಾದಂತೆ ಚರ್ಮದ ಕೊಲಾಜೆನ್ ಎಂಬ ನಾರು ಕುಗ್ಗುತ್ತದೆ, ಕೆನ್ನೆಯ ಕೊಬ್ಬು ಕರಗುತ್ತದೆ, ಮೂಳೆಯೂ ಸವೆಯುತ್ತದೆ. ಇದರ ಮೇಲೆ ಬಿಸಿಲಿನ ಹೊಡೆತ. ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬು-ಭತ್ತದ ಬಯಲಿನಲ್ಲಿ, ಕೃಷ್ಣರಾಜಪೇಟೆ, ನಾಗಮಂಗಲಗಳ ರಾಗಿ ಹೊಲಗಳಲ್ಲಿ ದುಡಿದವರ ಮುಖದಲ್ಲಿ ಗೆರೆಗಳು ಬೇಗ ಮೂಡುವುದು ಇದರಿಂದಲೇ. ಬೀಡಿ, ಸಿಗರೇಟುಗಳೂ ಚರ್ಮವನ್ನು ಬೇಗ ಸುಕ್ಕಾಗಿಸುತ್ತವೆ.

ತಗ್ಗಾದ ಜಾಗವನ್ನು ತುಂಬಲು ಚರ್ಮದಡಿ ಚುಚ್ಚುವ ದ್ರವ್ಯಕ್ಕೆ ವೈದ್ಯರು ಫಿಲ್ಲರ್ ಎನ್ನುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವುದು ಹೈಲುರಾನಿಕ್ ಆಮ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ದನದ ಕಣ್ಣಿನಿಂದ ಬೇರ್ಪಡಿಸಿದರು. ಈಗ ಫಿಲ್ಲರ್‌ಗಾಗಿ ಇದನ್ನು ಸಾಮಾನ್ಯವಾಗಿ ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಇದರ ಗುಣ ಸುಮಾರು ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ, ಕೆಲವು ಬಗೆಗಳಲ್ಲಿ ಎರಡು ವರ್ಷದವರೆಗೆ ಇರುತ್ತದೆ. ಏನಾದರೂ ಏರುಪೇರಾದರೆ ಹೈಲುರಾನಿಡೇಸ್ ಎಂಬ ಮದ್ದಿನಿಂದ ಇದನ್ನು ಕರಗಿಸಬಹುದು.

"ಮೇಲಿಂದ ಮೇಲೆ ಖರ್ಚೇಕೆ? ಬಹುಕಾಲ ಉಳಿಯುವುದನ್ನೇ ಹಾಕಿಸೋಣ" ಎಂದು ತೋರುವುದು ಸಹಜ. ಅಂಥದ್ದೂ ಇದೆ. ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್ಕಿನ ಅತಿಸೂಕ್ಷ್ಮ ಗುಂಡುಗಳನ್ನು ಕೊಲಾಜೆನ್‌ನಲ್ಲಿ ಬೆರೆಸಿದ ಆರ್ಟೆಫಿಲ್ ಎಂಬ ಫಿಲ್ಲರ್‌ಗೆ ಅಮೆರಿಕದ ಔಷಧ ಆಡಳಿತವು 2006ರಲ್ಲಿ ಅನುಮತಿ ನೀಡಿತು. ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಗಳಿಗೆ ಇದನ್ನು ಬಳಸುತ್ತಾರೆ. ಕೊಲಾಜೆನ್ ಕೆಲವು ತಿಂಗಳಲ್ಲಿ ಕರಗಿದರೂ ಗುಂಡುಗಳು ಉಳಿದು, ಅವುಗಳ ಸುತ್ತ ದೇಹದ್ದೇ ನಾರು ಬೆಳೆಯುತ್ತದೆ. ಆದರೆ ಈ ಕೊಲಾಜೆನ್ ದನದ ಚರ್ಮದಿಂದ ತೆಗೆದದ್ದು. ಶಾಕಾಹಾರ ನಿಯಮವನ್ನು ನಿಷ್ಠೆಯಿಂದ ಪಾಲಿಸುವ ನಮ್ಮ ಮನೆಗಳವರು, ಚುಚ್ಚುವ ದ್ರವ್ಯ ಯಾವುದರಿಂದ ಆದದ್ದೆಂದು ವೈದ್ಯರನ್ನು ಮೊದಲೇ ಕೇಳಬೇಕು. ಕೇಳದೆ ಹೇಳುವವರು ಕಡಿಮೆ.

ಬಾಳಿಕೆಯಲ್ಲಿಯೇ ತೊಡಕೂ ಇದೆ. ಸ್ಥಾವರ, ಜಂಗಮ ಎಂಬ ಮಾತುಗಳು ನಮಗೆ ಹೊಸವಲ್ಲ. ಮುಖವು ವರ್ಷ ವರ್ಷಕ್ಕೂ ಬದಲಾಗುವಂಥದ್ದು. ಒಳಗೆ ಸೇರಿದ ಗುಂಡು ಮಾತ್ರ ಅಲ್ಲಿಯೇ ನಿಲ್ಲುವಂಥದ್ದು. ಐವತ್ತರಲ್ಲಿ ಒಪ್ಪಿದ್ದು ಅರವತ್ತೈದರಲ್ಲಿ ಒಪ್ಪದೆ ಹೋಗಬಹುದು. ಎಷ್ಟೋ ವರ್ಷಗಳ ಮೇಲೆ ಗಂಟು ಕಟ್ಟುವುದೂ ಉಂಟು. ಇದನ್ನು ಕರಗಿಸುವ ಮದ್ದಿಲ್ಲ. ಅನೇಕ ವೇಳೆ ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಗುತ್ತದೆ. ಗಾಯದ ಕಲೆ ದಪ್ಪಗೆ ಉಬ್ಬಿ ಬೆಳೆಯುವ ದೇಹಪ್ರಕೃತಿಯವರಿಗೆ ಇದು ಸಲ್ಲದು. ದ್ರವ ಸಿಲಿಕೋನ್ ಚುಚ್ಚುವುದಕ್ಕಂತೂ ಯಾರೂ ಒಪ್ಪಬಾರದು.

ಯಾವುದೇ ಫಿಲ್ಲರ್ ತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು. ಅಪರೂಪಕ್ಕೆ ಕಣ್ಣಿನ ದೃಷ್ಟಿಯೇ ಹೋಗಬಹುದು. ಮೂಗು ಮತ್ತು ಹುಬ್ಬುಗಳ ನಡುವಿನ ಭಾಗಗಳಲ್ಲಿ ಈ ಭಯ ಹೆಚ್ಚು. ಚುಚ್ಚಿದ ಜಾಗ ಬಿಳುಪೇರಿದರೆ, ಸಹಿಸಲಾಗದ ನೋವು ಬಂದರೆ, ಕಣ್ಣು ಮಂಜಾದರೆ ನಾಳೆ ನೋಡೋಣವೆನ್ನದೆ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ಆದ್ದರಿಂದ ಬ್ಯೂಟಿ ಪಾರ್ಲರಿನ ಕುರ್ಚಿಯು ಇದಕ್ಕೆ ತಕ್ಕ ಸ್ಥಳವಲ್ಲ.

ಸಲಹೆಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆ, ಮೈಸೂರಿನಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. ಆಸ್ಪತ್ರೆ ಇವೆ. ಅಲ್ಲಿನ ಚರ್ಮರೋಗ ತಜ್ಞರನ್ನು ಮೊದಲು ಕಂಡು ವಿಚಾರಿಸುವುದು ಲೇಸು. ಖಾಸಗಿ ಕ್ಲಿನಿಕ್ಕಿಗೆ ಹೋಗುವುದಾದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ಅದು ನೋಂದಣಿಯಾಗಿದೆಯೇ ಎಂದು ನೋಡಿರಿ. ಔಷಧದ ಹೆಸರು, ಅದು ಉಳಿಯುವ ಅವಧಿ, ಕರಗಿಸುವ ಮದ್ದು ಅಲ್ಲಿಯೇ ಇದೆಯೇ ಎಂಬ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿರಿ. ಮಧುಮೇಹ, ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನು ಮುಚ್ಚಿಡಬೇಡಿರಿ. ಲಗ್ನಕ್ಕೆ ನಾಲ್ಕು ದಿನವಿರುವಾಗ ಹೋಗಲೇಬೇಡಿರಿ. ಊತ, ಕಂದು ಇಳಿಯಲು ಕಾಲ ಬೇಕು.

ಕಾಯವನ್ನು ಕೀಳೆಂದು ತಿರಸ್ಕರಿಸದೆ ದೇಗುಲವೆಂದು ಭಾವಿಸಿದ ಪರಂಪರೆ ನಮ್ಮದು. ಅದನ್ನು ಒಪ್ಪವಾಗಿಟ್ಟುಕೊಳ್ಳುವ ಆಸೆ ಪಾಪವಲ್ಲ. ಅದಕ್ಕೆ ಕೇಡಾಗದಂತೆ ಕಾಯುವುದು ಮೊದಲ ಕರ್ತವ್ಯ. ಬಿಸಿಲಿಗೆ ಸೆರಗು ಮರೆಮಾಡಿ, ತಂಬಾಕು ಬಿಟ್ಟು ನಡೆಯುವುದು ಎಲ್ಲರ ಕೈಲಾಗುವ ಆರೈಕೆ. ಇನ್ನು ಮಕ್ಕಳು ಮಾಡಬೇಕಾದ ಕೆಲಸವೊಂದಿದೆ. ವಿಭೂತಿ ಧರಿಸಿದ ಆ ಹಣೆಯ ಗೆರೆಗಳು ತಮ್ಮನ್ನು ಸಾಕಿ ಸಲಹಿದ ವರ್ಷಗಳಲ್ಲಿ ಮೂಡಿದವೆಂದು ತಾಯಿಗೆ ಒಮ್ಮೆ ಬಾಯಿಬಿಟ್ಟು ಹೇಳಲಿ. ಆಮೇಲೆ ತೀರ್ಮಾನ ಆಕೆಯದೇ ಆಗಲಿ.