ಪೂರ್ವವೆಂಬ ಮಹಾಸಂಖ್ಯೆ

ಜಿನಾಗಮದ ಕಾಲಮಾನಗಳಲ್ಲಿ ‘ಪೂರ್ವ’ವೂ ಒಂದು. 84 ಲಕ್ಷ ವರ್ಷಗಳು ಸೇರಿ ಒಂದು ಪೂರ್ವಾಂಗ. 84 ಲಕ್ಷ ಪೂರ್ವಾಂಗಗಳು ಸೇರಿ ಒಂದು ಪೂರ್ವ. ಅಂದರೆ 70 ಲಕ್ಷದ 56 ಸಾವಿರ ಕೋಟಿ ವರ್ಷಗಳು; ಅಂಕಿಯಲ್ಲಿ ಬರೆದರೆ 7056ರ ಮುಂದೆ ಹತ್ತು ಸೊನ್ನೆಗಳು.

ಗಣಿತದ ದೃಷ್ಟಿಯಲ್ಲಿ ಇದು 84 ಲಕ್ಷದ ವರ್ಗ. ಅಪವರ್ತಿಸುತ್ತ ಹೋದರೆ ಕೊನೆಗೆ ಉಳಿಯುವ ಅವಿಭಾಜ್ಯ ಸಂಖ್ಯೆಗಳು 2, 3, 5, 7 ಮಾತ್ರ. ಇಂತಹ ಮಹಾರಾಶಿಯೂ ಈ ನಾಲ್ಕು ಕಿರಿಯ ಅಂಕಿಗಳ ಗುಣಾಕಾರವೇ ಆಗಿದೆ.

ಜೈನಾಚಾರ್ಯರು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತವೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಪೂರ್ವವು ಎಷ್ಟೇ ದೊಡ್ಡದಾದರೂ ಸಂಖ್ಯಾತದ ಎಲ್ಲೆಯನ್ನು ದಾಟದು. ಎಣಿಕೆಗೆ ಸಿಕ್ಕ ಆಯುಷ್ಯಕ್ಕೆ ಕೊನೆಯೂ ಉಂಟು.

ಆದಿನಾಥ ಸ್ವಾಮಿಯ ಆಯುಷ್ಯ 84 ಲಕ್ಷ ಪೂರ್ವ. ಅದರಲ್ಲಿ 83 ಲಕ್ಷ ಪೂರ್ವ ಕುಮಾರಕಾಲದಲ್ಲೂ ರಾಜ್ಯಭಾರದಲ್ಲೂ ಸಂದಿತ್ತು. ಆಗ ಸಭೆಯಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯ ಮುಗಿಯಿತು. ಇಂದ್ರನು ಒಡನೆಯೇ ಅವಳಂತಹುದೇ ರೂಪವನ್ನು ನಿಲ್ಲಿಸಿದರೂ ಸ್ವಾಮಿಯ ದೃಷ್ಟಿಗೆ ಅದು ಮರೆಯಾಗಲಿಲ್ಲ. ವೈರಾಗ್ಯ ಮೂಡಿತು, ಉಳಿದ ಒಂದು ಲಕ್ಷ ಪೂರ್ವ ತಪಸ್ಸಿಗೂ ಧರ್ಮೋಪದೇಶಕ್ಕೂ ಮೀಸಲಾಯಿತು.

ಅಷ್ಟು ದೀರ್ಘಾಯುವಿಗೇ ಕಾಲದ ಎಚ್ಚರ ಬೇಕಾಯಿತೆಂದಮೇಲೆ, ನೂರು ವರ್ಷವೂ ತುಂಬದ ಬಾಳಿನ ಶ್ರಾವಕನು ಇಂದಿನ ಸಾಮಾಯಿಕವನ್ನು ನಾಳೆಗೆ ಉಳಿಸಲಾಗದು.