ಮುರಿದ ಕಳಲೆಯೂ ಮೆಳೆಯ ಮುಳ್ಳೂ

ಹೊಸಮನೆಯಂತಹ ಬಡಾವಣೆಗಳ ಹಿತ್ತಲಿನಲ್ಲಿ ಬಿದಿರು ಬೆಳೆಸಿದವರಿಗೆ ಮಳೆಗಾಲದಲ್ಲಿ ಒಂದು ಸಂದೇಹ ಬರುವುದುಂಟು: ತುದಿ ಮುರಿದ ಕಳಲೆಯನ್ನು ಉಳಿಸಬೇಕೆ, ಕಡಿಯಬೇಕೆ? ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದುದು. ಕಳಲೆಯು ತನ್ನ ಪೂರ್ಣ ದಪ್ಪದೊಡನೆಯೇ ನೆಲದಿಂದೇಳುತ್ತದೆ. ಕೆಲವೇ ತಿಂಗಳಲ್ಲಿ ಪೂರ್ಣ ಎತ್ತರವನ್ನು ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ತುದಿ ಹೋದ ಬಿದಿರು ಮತ್ತೆ ನೀಳವಾಗದು. ಅದು ಕೊಳೆಯತೊಡಗಿದರೆ ಬುಡದ ಗೆಣ್ಣಿಗೆ ತುಸುವೇ ಮೇಲೆ ಕತ್ತರಿಸಬೇಕು; ಉದ್ದವಾಗಿ ಬಿಟ್ಟರೆ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಕೆಳಗಿನ ಗೆಣ್ಣುಗಳಲ್ಲಿ ಕವಲೊಡೆದು ಎಲೆ ಮೂಡಿದ್ದರೆ ಉಳಿಸುವುದು ಲೇಸು. ಆ ಎಲೆಗಳು ಸಿದ್ಧಪಡಿಸುವ ಆಹಾರವು ನೆಲದೊಳಗಣ ಗೆಡ್ಡೆಯಲ್ಲಿ ಶೇಖರವಾಗಿ ಮುಂದಿನ ಕಳಲೆಗೆ ಒದಗುತ್ತದೆ.

ಕಳಲೆಗೆ ಪೆಟ್ಟು ಬೀಳುವುದೇಕೆಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯೂ ಅನಂತರದ ದಾಂಡೇಲಿಯ ಕಾರ್ಖಾನೆಯೂ ದಶಕಗಳ ಕಾಲ ಕಾಡಿನ ಬಿದಿರನ್ನು ಬಹುವಾಗಿ ಆಶ್ರಯಿಸಿದ್ದವು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಹಾಗೂ ಎಸ್. ನರೇಂದ್ರ ಪ್ರಸಾದ್ ಅವರು ಉತ್ತರ ಕನ್ನಡದಲ್ಲಿ ಬಿದಿರಿನ ಕ್ಷಯವನ್ನು ಪರಿಶೀಲಿಸಿದರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಹೊಸ ಬಿದಿರು ಇಕ್ಕಟ್ಟಿಲ್ಲದೆ ಬೆಳೆದೀತೆಂಬುದು ಅರಣ್ಯಾಧಿಕಾರಿಗಳ ಎಣಿಕೆ. ಮುಳ್ಳು ಹೋದರೆ ಕಳಲೆಯು ದನ, ಮುಸುವ, ಮುಳ್ಳುಹಂದಿಗಳ ಪಾಲಾಗುವುದೆಂಬುದು ಹಳ್ಳಿಗರ ಮಾತು. ಪರಿಶೀಲನೆಯಲ್ಲಿ ನಿಜವಾದುದು ಹಳ್ಳಿಗರ ಮಾತೇ.

ಹಿತ್ತಲಿಗೂ ಇದೇ ನ್ಯಾಯ. ಮಳೆಗಾಲ ಮುಗಿಯುವವರೆಗೆ ಮೆಳೆಯ ಬುಡವನ್ನು ಸವರದಿರುವುದು, ಮುಳ್ಳಿಲ್ಲದ ಜಾತಿಯಾದರೆ ಸುತ್ತ ಮುಳ್ಳಿನ ಬೇಲಿಯನ್ನು ಕಟ್ಟುವುದು, ಮುರಿದ ಕಳಲೆಯ ಚಿಕಿತ್ಸೆಗಿಂತ ಹೆಚ್ಚು ಫಲಕಾರಿ. ಅಂದವಾಗಿ ಕಾಣಲೆಂದು ಬುಡವನ್ನು ಚೊಕ್ಕಟಗೊಳಿಸುವವನು ಮೆಳೆಯ ಕಾವಲನ್ನೇ ಕಿತ್ತಂತಾಗುತ್ತದೆ.