ಸಿಮೆಂಟ್ ಪೈಪಿನ ಸಂದು: ಸೋರದಂತೆ ಕೂಡಿಸುವ ಬಗೆ

ಬೇಸಿಗೆ ಬಂತೆಂದರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆಗಳಲ್ಲಿ ತೋಟದ ಮೋರಿ, ಬಸಿಗಾಲುವೆ, ನೀರಿನ ಕೊಳವೆ ಇವುಗಳ ಕೆಲಸ ಆರಂಭವಾಗುತ್ತದೆ. ಸದಸ್ಯರು ಹಣ ಹಾಕಿ ಒಳ್ಳೆಯ ಪೈಪನ್ನೇ ತರುತ್ತಾರೆ. ಆದರೆ ಸಂದು ಕೂಡಿಸುವ ಕೆಲಸವನ್ನು ಸಂಜೆಯೊಳಗೆ ಮುಗಿಯಲೆಂದು ಅವಸರದಲ್ಲಿ ಮಾಡಿಸುತ್ತಾರೆ. ಪೈಪು ಒಡೆದು ಕೆಟ್ಟದ್ದಕ್ಕಿಂತ ಸಂದು ಸೋರಿ ಕೆಟ್ಟದ್ದೇ ನಮ್ಮಲ್ಲಿ ಹೆಚ್ಚು. ಸೋರಿದ ನೀರು ಸುತ್ತಲಿನ ಮಣ್ಣನ್ನು ಕೊರೆದು ಒಯ್ಯುತ್ತದೆ. ದಾರಿಯ ಅಡಿ ಪೊಳ್ಳಾಗಿ, ಕೊಯ್ಲಿನ ಕಾಲಕ್ಕೆ ಹೇರು ಹೊತ್ತ ಟ್ರ್ಯಾಕ್ಟರು ಕುಸಿಯುತ್ತದೆ. ಅಡಿಕೆಯ ಬುಡದಲ್ಲಿ ನೀರು ನಿಂತರೆ ಬೇರಿಗೆ ಕೇಡು. ಹಲವರು ಸೇರಿ ಹಾಕಿಸಿದ ಸಾಲಾದರೆ ಕೊನೆಯ ತೋಟದವನಿಗೆ ನೀರೇ ಇಲ್ಲ. ಅಲ್ಲಿಂದ ಜಗಳ ಮೊದಲಾಗುತ್ತದೆ.

ನಾವು ಹ್ಯೂಮ್ ಪೈಪು ಎನ್ನುವುದು ಅದನ್ನು ಕಂಡುಹಿಡಿದವರ ಹೆಸರಿನಿಂದ ಬಂದದ್ದು. 1910ರಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್ ಎಂಬುವರು ಅಚ್ಚನ್ನು ವೇಗವಾಗಿ ತಿರುಗಿಸಿ ಕಾಂಕ್ರೀಟನ್ನು ಒತ್ತಾಗಿ ಕೂರಿಸುವ ವಿಧಾನವನ್ನು ರೂಪಿಸಿದರು. ಒಳಗೆ ಕಬ್ಬಿಣದ ಸರಳಿನ ಸುರುಳಿ ಇರುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಮೇಲೆ ಭಾರ ಬಿದ್ದಾಗ ಪೈಪು ಚಪ್ಪಟೆಯಾಗಲು ನೋಡುತ್ತದೆ. ಒಳಗಡೆ ನೆತ್ತಿ ಮತ್ತು ತಳ, ಹೊರಗಡೆ ಎರಡು ಪಕ್ಕ ಬಿರಿಯುತ್ತವೆ. ಆ ಎಳೆತವನ್ನು ತಡೆಯುವುದೇ ಸರಳಿನ ಕೆಲಸ.

ಕೊಳ್ಳುವಾಗ ದರ್ಜೆಯನ್ನು ನೋಡತಕ್ಕದ್ದು. ಭಾರತೀಯ ಮಾನಕ 458ರ ಪ್ರಕಾರ ಎನ್.ಪಿ. ಗುರುತಿನವು ಒತ್ತಡವಿಲ್ಲದೆ ಹರಿಯುವ ನೀರಿಗೆ, ಪಿ. ಗುರುತಿನವು ಒತ್ತಡದ ನೀರಿಗೆ. ಎನ್.ಪಿ.1ರಲ್ಲಿ ಸರಳಿಲ್ಲ. ಎನ್.ಪಿ.2 ಹಗುರ ಭಾರಕ್ಕೆ, ಎನ್.ಪಿ.3 ಮಧ್ಯಮ ಭಾರಕ್ಕೆ, ಎನ್.ಪಿ.4 ಹೆಚ್ಚಿನ ಭಾರಕ್ಕೆ. ಲಾರಿ ಓಡಾಡುವ ದಾರಿಯ ಅಡಿಗೆ ಎನ್.ಪಿ.2 ಹಾಕಿ ಉಳಿಸಿದ ಹಣ ಉಳಿತಾಯವಲ್ಲ. ಪಿ.2 ಪೈಪನ್ನು ಕಾರ್ಖಾನೆಯಲ್ಲಿ 40 ಮೀಟರ್ ನೀರಿನ ಎತ್ತರದಷ್ಟು ಒತ್ತಡಕ್ಕೆ ಪರೀಕ್ಷಿಸುತ್ತಾರೆ. ಪಂಪಿನ ಸಾಲಿನಲ್ಲಿ ಅದರ ಅರ್ಧಕ್ಕೆ, ಅಂದರೆ 20 ಮೀಟರಿಗೆ ಮೀರಿ ಬಳಸಬಾರದು. ಕಾಫಿಗೆ ಹೂಮಳೆ ಕೊಡುವ ಸ್ಪ್ರಿಂಕ್ಲರ್ ಸಾಲಿಗೆ ಇದು ತಕ್ಕದ್ದಲ್ಲ.

ಇನ್ನು ಕೆಲಸಕ್ಕೆ ಬರೋಣ. ಹಾಸುವುದನ್ನು ತಗ್ಗಿನ ಕಡೆಯಿಂದ ಆರಂಭಿಸಿ ಏರಿನ ಕಡೆಗೆ ಹೋಗಬೇಕು. ಬಾಯಿಯುಳ್ಳ ಪೈಪಾದರೆ ಬಾಯಿ ಏರಿನ ಕಡೆಗಿರಬೇಕು. ಪೈಪು ಉದ್ದಕ್ಕೂ ನೆಲದ ಮೇಲೆ ಕೂರಬೇಕು. ಕಾಲರ್ ಬರುವ ಜಾಗದಲ್ಲಿ ಸಣ್ಣ ಗುಣಿ ತೋಡದಿದ್ದರೆ ಭಾರವೆಲ್ಲ ಕಾಲರಿನ ಮೇಲೆಯೇ ನಿಂತು ಸಂದು ಬಿಡುತ್ತದೆ. ತರೀಕೆರೆಯ ಮಲೆನಾಡ ಸೆರಗಿನಲ್ಲಿ ಬಂಡೆ ಸಿಕ್ಕಿದರೆ ಇನ್ನೂ ಆಳ ತೆಗೆದು ಅರ್ಧ ಅಡಿಗೆ ಕಡಿಮೆಯಿಲ್ಲದಂತೆ ಮರಳು ಅಥವಾ ಸಣ್ಣ ಮಣ್ಣು ಹಾಸಬೇಕು. ಚರಂಡಿ 5 ಅಡಿಗಿಂತ ಆಳವಾದರೆ ಪಕ್ಕಕ್ಕೆ ಹಲಗೆಯ ಆಸರೆ ಕೊಡದೆ ಆಳುಗಳನ್ನು ಇಳಿಸಬೇಡಿ. ತೆಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಿಸಿ. ಪೈಪಿಗಿಂತ ಪ್ರಾಣ ದೊಡ್ಡದು.

ಕಾಲರ್ ಸಂದಿಗೆ ಮೊದಲು ಪೈಪಿನ ತುದಿ, ಕಾಲರಿನ ಒಳಮೈ ಎರಡನ್ನೂ ಉಜ್ಜಿ ತೊಳೆದು ನೆನೆಸಬೇಕು. ಒಣ ಕಾಂಕ್ರೀಟು ಗಾರೆಯ ನೀರನ್ನು ಹೀರಿ ಅದನ್ನು ಪುಡಿಯಾಗಿಸುತ್ತದೆ. ಎರಡು ಪೈಪು ಕೂಡುವಲ್ಲಿ ಸಿಮೆಂಟ್ ಹಾಲಿನಲ್ಲಿ ಅದ್ದಿದ ಸೆಣಬಿನ ಹುರಿ ಸುತ್ತಿ, ಕಾಲರನ್ನು ಸರಿಯಾಗಿ ನಡುವೆ ತಂದು, ಸುತ್ತಲೂ ಸಮನಾದ ಸಂದಿ ಬಿಡಬೇಕು. ಗಾರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು. ನೀರು ಕಡಿಮೆ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ನೀರಿಳಿಯಬಾರದು. ತೆಳುವಾದ ಗಾರೆ ಆರುವಾಗ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಇದನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿ ಕಬ್ಬಿಣದ ಪಟ್ಟಿಯಿಂದ ಬಡಿದು ಗಟ್ಟಿ ಮಾಡಿ, ಕೊನೆಗೆ ಹೊರಗೆ 45 ಡಿಗ್ರಿ ಇಳಿಜಾರಾಗಿ ಒರೆಯಬೇಕು. ಕಲಸಿದ ಗಾರೆಯನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕು. ಬಳಿಕ ಗೋಣಿಚೀಲ ಹೊದಿಸಿ 7 ದಿನವಾದರೂ ನೀರು ಹಾಕಬೇಕು.

ಅಜ್ಜಂಪುರದ ಕಡೆಯ ಎರೆ ಭೂಮಿಯ ಮಾತೇ ಬೇರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ನೆಲವೇ ಏರಿಳಿಯುವಾಗ ಗಾರೆಯ ಸಂದು ಎಷ್ಟೇ ಗಟ್ಟಿಯಾದರೂ ಬಗ್ಗಲಾರದು, ಬಿರಿಯಲೇಬೇಕು. ಅಲ್ಲಿ ರಬ್ಬರ್ ಬಳೆಯ ಸಂದು ಒಳ್ಳೆಯದು. ಬಳೆ ಸ್ವಲ್ಪ ಬಾಗಿದರೂ ನೀರು ಬಿಡದು. ಬಳೆ ತಿರುಚಿರಬಾರದು, ಎಣ್ಣೆ ತಗುಲಿರಬಾರದು. ಪೈಪಿನ ಕೆಳಗೂ ಪಕ್ಕಕ್ಕೂ ಎರೆ ಬಿಟ್ಟು ಮರಳು ತುಂಬಿಸಿ.

ದಾರಿಯ ಅಡಿ ಹೆಚ್ಚು ಆಳಕ್ಕೆ ಹಾಸಲಾಗದಿದ್ದರೆ ಪೈಪಿನ ಸುತ್ತ ಅರ್ಧ ಅಡಿ ದಪ್ಪ ಕಾಂಕ್ರೀಟಿನ ಕವಚ ಹಾಕಿಸಬಹುದು. ಹಳೆಯ ಸಂದು ಸೋರಿದರೆ ಮೇಲೆ ಸಿಮೆಂಟ್ ಮೆತ್ತಿ ಪ್ರಯೋಜನವಿಲ್ಲ. ನೀರು ನಿಲ್ಲಿಸಿ, ಸಡಿಲವಾದ ಹಳೆಯ ಗಾರೆಯನ್ನೆಲ್ಲ ಕೆತ್ತಿ, ತೊಳೆದು, ಹೊಸದಾಗಿ ತುಂಬಿ, ಸರಳಿನ ಬಳೆ ಕಟ್ಟಿ ಸುತ್ತ ಕಾಂಕ್ರೀಟು ಹಾಕಬೇಕು. ಪೈಪನ್ನು ಕತ್ತರಿಸಿದಲ್ಲಿ ಕಾಣುವ ಸರಳನ್ನು ಗಾರೆಯಿಂದ ಮುಚ್ಚದಿದ್ದರೆ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ.

ಕಡೆಯದಾಗಿ, ಮಣ್ಣು ಮುಚ್ಚುವ ಮುನ್ನ ಪರೀಕ್ಷೆ. ಗಾರೆ ಬಲಿತ ಮೇಲೆ ಎರಡು ತುದಿಗೂ ಬಿರಡೆ ಹಾಕಿ, ನೀರು ತುಂಬಿ, ಒಂದು ದಿನ ಬಿಡಿ. ಮೊದಲ ದಿನ ಪೈಪೇ ಕೊಂಚ ನೀರು ಕುಡಿಯುತ್ತದೆ. ಕಡಿಮೆಯಾದದ್ದನ್ನು ತುಂಬಿಸಿ ಮರುದಿನ ಒಂದೊಂದು ಸಂದನ್ನೂ ಕೈಯಾಡಿಸಿ ನೋಡಿ. ಸಾಲು ಹಲವರಿಗೆ ಸೇರಿದ್ದಾದರೆ ಎಲ್ಲರೂ ಆ ದಿನ ಬಂದು ನೋಡುವುದು ಮೇಲು. ತೆರೆದ ಚರಂಡಿಯಲ್ಲಿ ಕಂಡ ಸೋರಿಕೆಗೆ ಒಂದು ಬಾಂಡ್ಲಿ ಗಾರೆ ಸಾಕು, ಮುಚ್ಚಿದ ಮೇಲೆ ಕಂಡರೆ ತೋಟವನ್ನೇ ಅಗೆಯಬೇಕಾಗುತ್ತದೆ.